ದೇವರ ಮನೆ ಗೋಡೆ ಒದ್ದೆಯಾಗುತ್ತಿದೆ, ಒಡೆಯುವ ಮುಂಚೆ ಸೋರಿಕೆ ಹುಡುಕೋದು ಹೇಗೆ?

ಮೈಸೂರು_ಮನೆ · ಜನವರಿ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. 30 ಬೈ 40 ಸೈಟು, 2012ರಲ್ಲಿ ಕಟ್ಟಿಸಿದ್ದು. ಕೆಳಗೆ ಹಾಲು, ಅಡುಗೆ ಮನೆ, ಊಟದ ಜಾಗ, ದೇವರ ಮನೆ, ಅಮ್ಮನ ರೂಮು, ಒಂದು ಬಾತ್‌ರೂಮು. ಮೇಲೆ ಎರಡು ರೂಮು, ಇನ್ನೊಂದು ಬಾತ್‌ರೂಮು. ಊಟದ ಜಾಗಕ್ಕೂ ದೇವರ ಮನೆಗೂ ನಡುವೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಇದೆ. ದೀಪಾವಳಿ ಹೊತ್ತಿಗೆ ಈ ಗೋಡೆಯ ಊಟದ ಜಾಗದ ಕಡೆ, ಸ್ವಿಚ್ ಬೋರ್ಡಿನಿಂದ ಒಂದಡಿ ಕೆಳಗೆ, ಅಂಗೈ ಅಗಲ ಬಣ್ಣ ಉಬ್ಬಿತು. ಪೇಂಟರ್ ಬಂದು ಕೆರೆದು, ತೇವ ತಡೆಯುವ ಕೋಟಿಂಗ್ ಹೊಡೆದು ಹೋದರು. ಆರು ವಾರ ಚೆನ್ನಾಗಿತ್ತು. ಈಗ ಅದರ ಪಕ್ಕದಲ್ಲೇ ಮೊರದಗಲ ಒದ್ದೆ.

ಒಬ್ಬ ಪ್ಲಂಬರ್ ಬಂದು ಮೇಲಿನ ಬಾತ್‌ರೂಮಿನ ಟೈಲ್ಸ್ ಪೂರ್ತಿ ಒಡೆಯಬೇಕು ಅಂದರು. ಇನ್ನೊಬ್ಬರು ಅದು ಮಳೆ ನೀರು, ಟೆರೇಸ್‌ಗೆ ವಾಟರ್‌ಪ್ರೂಫಿಂಗ್ ಮಾಡಿಸಿ ಅಂದರು. ಇಬ್ಬರೂ ಗೋಡೆ ಮುಟ್ಟಿ ಐದು ನಿಮಿಷದಲ್ಲಿ ಹೇಳಿದ್ದು. ಖರ್ಚಿಗೆ ನಾನು ಹಿಂಜರಿಯುತ್ತಿಲ್ಲ. ಎಲ್ಲಿ ಅಂತ ಗೊತ್ತಿಲ್ಲದೆ ಒಡೆಸೋಕೆ ಮನಸ್ಸು ಬರುತ್ತಿಲ್ಲ. ಅಮ್ಮ ದಿನಾ ಬೆಳಿಗ್ಗೆ ಪೂಜೆಗೆ ಕೂತಾಗ ಆ ಗೋಡೆ ಮುಟ್ಟಿ ನೋಡುತ್ತಾರೆ. ಅನುಭವ ಇರುವವರು ದಾರಿ ತೋರಿಸಿ.

ನಲ್ಲಿ_ಮೇಸ್ತ್ರಿ · ಜನವರಿ 6, ರಾತ್ರಿ 10:25

ಒಂದು ವಾರ ಯಾರ ಕೈಗೂ ಸುತ್ತಿಗೆ ಕೊಡಬೇಡಿ.

ನಾನು ಶಿವಮೊಗ್ಗ ಕಡೆ 26 ವರ್ಷ ಪ್ಲಂಬಿಂಗ್ ಕೆಲಸ ಮಾಡಿದವನು. ಒಂದು ಕಡೆ ಒಡೆದು, ಸಿಗದೆ, ಇನ್ನೊಂದು ಕಡೆ ಒಡೆದ ಮನೆಗಳನ್ನು ಎಷ್ಟೋ ನೋಡಿದ್ದೇನೆ. ಗೋಡೆಯೊಳಗೆ ನೀರು ಬಿದ್ದ ಜಾಗದಿಂದ ನೇರ ಹೊರಗೆ ಬರುವುದಿಲ್ಲ. ಗಾರೆಯ ಸಂದು, ಪೈಪಿನ ಬೆನ್ನು, ಕರೆಂಟಿನ ಪೈಪು, ಎಲ್ಲಿ ದಾರಿ ಸಿಕ್ಕಿತೋ ಅಲ್ಲಿ ಹರಿಯುತ್ತದೆ. ಕಾಣಿಸುವ ಜಾಗ ಬೇರೆ, ಸೋರುವ ಜಾಗ ಬೇರೆ.

ಮೊದಲು ಇದು ಯಾವ ನೀರು ಅಂತ ತಿಳಿಯಬೇಕು. ನಲ್ಲಿ ಪೈಪಿನ ನೀರಾದರೆ ಅದಕ್ಕೆ ಹಗಲು ರಾತ್ರಿ ಇಲ್ಲ. ಟ್ಯಾಂಕಿನ ಒತ್ತಡ ಯಾವಾಗಲೂ ಇರುತ್ತದೆ, ಒದ್ದೆ ಬೆಳೆಯುತ್ತಲೇ ಹೋಗುತ್ತದೆ. ಬಚ್ಚಲು, ಕಮೋಡು, ಸಿಂಕಿನಿಂದ ಹೊರಗೆ ಹೋಗುವ ನೀರಾದರೆ ಬಳಸಿದಾಗ ಮಾತ್ರ ಒದ್ದೆ. ನಾಲ್ಕು ದಿನ ಊರಿಗೆ ಹೋಗಿ ಬಂದರೆ ಸ್ವಲ್ಪ ಒಣಗಿರುತ್ತದೆ. ಅದರ ಜೊತೆ ವಾಸನೆಯೂ ಬರುತ್ತದೆ. ಮಳೆ ನೀರು ಮಳೆಯ ಹಿಂದೆಯೇ ಬರುತ್ತದೆ. ಇನ್ನು ಪಾಯದಿಂದ ಮೇಲೇರುವ ತೇವ ಅಂತ ಇದೆ. ಅದು ಸಾಮಾನ್ಯವಾಗಿ ನೆಲದಿಂದ ಮೂರಡಿಯೊಳಗೆ ನಿಲ್ಲುತ್ತದೆ, ಗೋಡೆ ಉದ್ದಕ್ಕೂ ಪಟ್ಟಿ ಥರ ಕಾಣುತ್ತದೆ, ಬಿಳಿ ಉಪ್ಪಿನ ಪುಡಿ ಬಿಡುತ್ತದೆ.

ಒಂದು ಪೆನ್ಸಿಲ್ ತಗೊಳ್ಳಿ. ಒದ್ದೆಯ ಅಂಚಿಗೆ ಸುತ್ತ ಗೆರೆ ಎಳೆಯಿರಿ. ಪಕ್ಕದಲ್ಲಿ ದಿನ, ಗಂಟೆ ಬರೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ಮೂರು ದಿನ ಹೀಗೆ ಮಾಡಿ ಇಲ್ಲಿ ಬರೆಯಿರಿ.

ಉಡುಪಿ_ಅಂಗಳ · ಜನವರಿ 7, ಬೆಳಿಗ್ಗೆ 7:15

ಮೇಸ್ತ್ರಿ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮದು ಕೆಂಪುಕಲ್ಲಿನ ಮನೆ. ಮೂರು ವರ್ಷ ಪೈಪ್ ಸೋರುತ್ತಿದೆ ಅಂತಲೇ ನಂಬಿದ್ದೆವು. ಎರಡು ಸಲ ಬಚ್ಚಲು ಒಡೆಸಿದೆವು. ಕೊನೆಗೆ ನೋಡಿದರೆ ಪಡುವಣ ದಿಕ್ಕಿನ ಕಿಟಕಿ. ಅದರ ಹೊರಗಿನ ಅಂಚಿಗೆ ನೀರು ತೊಟ್ಟಿಕ್ಕುವ ಗೆರೆ ಬಿಟ್ಟಿರಲಿಲ್ಲ. ಜೂನ್‌ನಿಂದ ಗಾಳಿ ಮಳೆ ಹೊಡೆದಾಗ ನೀರು ಅಂಚಿನ ಅಡಿಯಿಂದ ಹಿಂದಕ್ಕೆ ಹರಿದು ಗೋಡೆಗೆ ಇಳಿಯುತ್ತಿತ್ತು. ಆಗಸ್ಟಿನಲ್ಲಿ ಒದ್ದೆ, ಫೆಬ್ರವರಿಯಲ್ಲಿ ಒಣ. ಅಷ್ಟು ಸ್ಪಷ್ಟವಾಗಿ ಇದ್ದರೂ ನಮಗೆ ಹೊಳೆಯಲಿಲ್ಲ, ಯಾಕಂದ್ರೆ ಯಾರೂ ತಿಂಗಳು ಬರೆದಿಟ್ಟಿರಲಿಲ್ಲ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಒಂದಡಿ ಚೌಕ ಕತ್ತರಿಸಿ. ಒದ್ದೆಯ ಅಂಚಿನಲ್ಲಿ ಇನ್ನೂ ಒಣಗಿರುವ ಕಡೆ ಇಟ್ಟು ನಾಲ್ಕೂ ಬದಿ ಟೇಪ್ ಹಾಕಿ. ಒಂದು ದಿನ ಬಿಡಿ. ಹಾಳೆಯ ಹೊರಗೆ ಬೆವರಿದರೆ ಅದು ಕೋಣೆಯ ಗಾಳಿಯ ತೇವ. ಹಾಳೆಯ ಹಿಂದೆ ನೀರು ಕಟ್ಟಿದ್ದರೆ ಗೋಡೆಯೊಳಗಿಂದ ಬರುತ್ತಿದೆ.

ಹೊಸಮನೆ_ಹಾಸನ · ಜನವರಿ 7, ಬೆಳಿಗ್ಗೆ 11:02

ಇಷ್ಟೆಲ್ಲಾ ಯಾಕೆ? ಈಗ ಒಳ್ಳೊಳ್ಳೆ ಕೆಮಿಕಲ್ ಬಂದಿದೆ. ಗೋಡೆಗೆ ತೂತು ಮಾಡಿ ಇಂಜೆಕ್ಷನ್ ಕೊಡುತ್ತಾರೆ. ನಮ್ಮ ಪರಿಚಯದವರ ಮನೆಯಲ್ಲಿ ನಿಂತಿತು.

ಸಿವಿಲ್_ಧಾರವಾಡ · ಜನವರಿ 7, ಮಧ್ಯಾಹ್ನ 1:30

ಪಾಯದಿಂದ ಏರುವ ತೇವಕ್ಕೆ ಇಂಜೆಕ್ಷನ್ ಒಂದು ದಾರಿ, ಒಪ್ಪುತ್ತೇನೆ. ಆದರೆ ಒಳಗೆ ಪೈಪ್ ಸೋರುತ್ತಿರುವಾಗ ಹೊರಗೆ ಏನು ಬಳಿದರೂ ನೀರು ನಿಲ್ಲುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ. ಕೋಟಿಂಗ್ ಹಾಕಿದ ಜಾಗದಲ್ಲಿ ನೀರಿಗೆ ಹೊರಬರಲು ಆಗದೆ ಪಕ್ಕಕ್ಕೆ ಹರಡುತ್ತದೆ. ಮೈಸೂರು_ಮನೆ ಅವರಿಗೆ ಆರು ವಾರದ ಮೇಲೆ ಪಕ್ಕದಲ್ಲಿ ಬಂತು ಅಂದರಲ್ಲ, ಅದು ಇದೇ. ಸೋರಿಕೆ ಆರು ವಾರವೂ ನಡೆಯುತ್ತಲೇ ಇತ್ತು.

ಮೈಸೂರು_ಮನೆ · ಜನವರಿ 10, ರಾತ್ರಿ 8:50

ಮೂರು ದಿನ ಗೆರೆ ಎಳೆದೆ. ಮಳೆ ಹನಿಯೂ ಇಲ್ಲ, ಆದರೂ ಒದ್ದೆ ಎಡಕ್ಕೂ ಕೆಳಕ್ಕೂ ಸುಮಾರು 2 ಸೆಂಟಿಮೀಟರ್ ಬೆಳೆದಿದೆ. ವಾಸನೆ ಇಲ್ಲ. ಹಾಳೆಯ ಹಿಂದೆ ಹನಿ ಕಟ್ಟಿತ್ತು, ಹೊರಗೆ ಒಣ.

ಒಂದು ವಿಚಿತ್ರ ಗಮನಿಸಿದೆ. ರಾತ್ರಿಯೆಲ್ಲ ನಿಧಾನ. ಬೆಳಿಗ್ಗೆ 8ರಿಂದ 11ರೊಳಗೆ ಅಂಚು ಜಾಸ್ತಿ ಹಿಗ್ಗುತ್ತದೆ. ಮೂರೂ ದಿನ ಹೀಗೇ.

ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ. ಕಳೆದ ತಿಂಗಳು ಎರಡು ಸಲ ಮನೆಯ ಕರೆಂಟ್ ತಾನಾಗಿ ಟ್ರಿಪ್ ಆಯಿತು.

ವೈರ್‌ಮನ್_ಗದಗ · ಜನವರಿ 10, ರಾತ್ರಿ 9:05

ಸಂಬಂಧ ಇದೆ. ಈಗಲೇ ಆ ಬೋರ್ಡಿನ ಲೈನ್ ಆಫ್ ಮಾಡಿ. ಉಳಿದದ್ದು ಆಮೇಲೆ ಓದಿ.

ನಿಮ್ಮ ಮೇನ್ ಪೆಟ್ಟಿಗೆಯಲ್ಲಿ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಅಂದರೆ ಆರ್‌ಸಿಸಿಬಿ ಇದ್ದಿರಬೇಕು. ಮನೆಗಳಿಗೆ ಸಾಮಾನ್ಯವಾಗಿ 30 ಮಿಲಿಆಂಪ್‌ನದು ಹಾಕುತ್ತಾರೆ. ಕರೆಂಟ್ ತಂತಿ ಬಿಟ್ಟು ನೀರಿನ ಮೂಲಕ ಭೂಮಿಗೆ ಸ್ವಲ್ಪ ಹರಿದರೂ ಅದು ಬೀಳುತ್ತದೆ. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಮಾತ್ರ ಬೀಳುವ ಎಂಸಿಬಿ ಸ್ವಿಚ್ಚಷ್ಟೇ ಇರುವ ಹಳೇ ಮನೆಗಳಲ್ಲಿ ಈ ರಕ್ಷಣೆ ಇಲ್ಲ, ಅಲ್ಲಿ ಒದ್ದೆ ಗೋಡೆ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. ಅಮ್ಮ ದಿನಾ ಗೋಡೆ ಮುಟ್ಟುತ್ತಾರೆ ಅಂದಿರಿ. ದಯವಿಟ್ಟು ಬೇಡ ಅಂತ ಹೇಳಿ.

ನಾಳೆ ಎಲೆಕ್ಟ್ರಿಷಿಯನ್ ಕರೆಸಿ, ಮೇನ್ ಆಫ್ ಮಾಡಿಸಿ, ಬೋರ್ಡ್ ಬಿಚ್ಚಿಸಿ. ನೀವೇ ಬಿಚ್ಚಬೇಡಿ. ಒಳಗೆ ಕರೆಂಟ್ ಪೈಪಿನ ಬಾಯಿ ನೋಡಲು ಹೇಳಿ. ಮೇಲಿನಿಂದ ಇಳಿಯುವ ಪೈಪಿನ ಬಾಯಲ್ಲಿ ತೇವ ಇದೆಯಾ, ತುಕ್ಕು ಇದೆಯಾ. ಇದು ಮುಖ್ಯ.

ಮೈಸೂರು_ಮನೆ · ಜನವರಿ 11, ಸಂಜೆ 6:30

ರಾತ್ರಿಯೇ ಆಫ್ ಮಾಡಿದೆ. ತುಂಬಾ ಧನ್ಯವಾದ.

ಇವತ್ತು ಬೋರ್ಡ್ ಬಿಚ್ಚಿಸಿದೆವು. ಪೆಟ್ಟಿಗೆಯ ಸ್ಕ್ರೂಗಳು ತುಕ್ಕು ಹಿಡಿದಿವೆ. ಮೇಲಿನಿಂದ ಬರುವ ಕರೆಂಟ್ ಪೈಪಿನ ಬಾಯಲ್ಲಿ ಒಂದು ಹನಿ ನಿಂತಿತ್ತು. ಬೆರಳಲ್ಲಿ ಒರೆಸಿದರೆ ಅರ್ಧ ಗಂಟೆಗೆ ಇನ್ನೊಂದು. ಪೆಟ್ಟಿಗೆಯ ತಳದಿಂದ ಇಟ್ಟಿಗೆಗೆ ಇಳಿದು ಕೆಳಗೆ ಹರಡಿದೆ. ಹಾಗಾದರೆ ನೀರು ಮೇಲಿನಿಂದ ಬರುತ್ತಿದೆ. ಮೇಲಿನ ಬಾತ್‌ರೂಮೇ ಇರಬೇಕು ಅಲ್ವಾ?

ನಲ್ಲಿ_ಮೇಸ್ತ್ರಿ · ಜನವರಿ 11, ರಾತ್ರಿ 7:45

ಮೇಲಿನಿಂದ ಅನ್ನುವುದು ಸರಿ. ಬಾತ್‌ರೂಮೇ ಅನ್ನಲು ಇನ್ನೂ ಆಧಾರ ಇಲ್ಲ. ಹನಿ ಬರುವ ಪೈಪು ಆ ಗೋಡೆಯಲ್ಲೇ ಏಳೆಂಟು ಅಡಿ ಓಡಿರುತ್ತದೆ. ದಾರಿಯಲ್ಲಿ ಎಲ್ಲಿ ಬೇಕಾದರೂ ನೀರು ಒಳಗೆ ಹೊಕ್ಕಿರಬಹುದು.

ಈಗ ಟ್ಯಾಂಕ್ ಪರೀಕ್ಷೆ ಮಾಡಿ. ನಮ್ಮ ಊರುಗಳಲ್ಲಿ ಮೀಟರ್ ಇರುವುದು ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ಬರುವ ಲೈನಿಗೆ. ಟ್ಯಾಂಕಿನಿಂದ ಇಳಿಯುವ ನೀರನ್ನು ಅದು ಅಳೆಯುವುದಿಲ್ಲ. ಆದ್ದರಿಂದ ಟ್ಯಾಂಕೇ ನಮ್ಮ ಮೀಟರ್. ರಾತ್ರಿ 10ಕ್ಕೆ ಟ್ಯಾಂಕ್ ತುಂಬಿಸಿ ಮೋಟಾರ್ ಆಫ್ ಮಾಡಿ. ಎಲ್ಲ ನಲ್ಲಿ ಬಂದ್. ಒಂದು ಮರದ ಕೋಲನ್ನು ನೇರ ಇಳಿಬಿಟ್ಟು ನೀರಿನ ಮಟ್ಟ ಗುರುತು ಹಾಕಿ. ಬೆಳಿಗ್ಗೆ 6ಕ್ಕೆ ಯಾರೂ ನೀರು ಮುಟ್ಟುವ ಮುಂಚೆ ಮತ್ತೆ ಅಳೆಯಿರಿ. 1000 ಲೀಟರಿನ ದುಂಡು ಟ್ಯಾಂಕ್ ಅಡ್ಡಗಲ ಸುಮಾರು 1.1 ಮೀಟರ್ ಇದ್ದರೆ, ಮಟ್ಟ 1 ಸೆಂಟಿಮೀಟರ್ ಇಳಿದರೆ ಒಂಬತ್ತೂವರೆ ಲೀಟರ್ ಹೋಗಿದೆ ಅಂತ ಅರ್ಥ.

ಇಳಿದರೆ ಗಾಬರಿ ಬೇಡ. ಮರುದಿನ ಒಂದೊಂದೇ ವಾಲ್ವ್ ಮುಚ್ಚಿ ಅದನ್ನೇ ಮತ್ತೆ ಮಾಡಿ. ಒಂದು ರಾತ್ರಿಗೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ನಿಂತಿತು ಅಂತ ಗೊತ್ತಾಗುವುದಿಲ್ಲ.

ಬೆಂಗಳೂರು_ಫ್ಲ್ಯಾಟ್ · ಜನವರಿ 12, ಬೆಳಿಗ್ಗೆ 9:20

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮದು ಅಪಾರ್ಟ್‌ಮೆಂಟ್. ಬಾತ್‌ರೂಮಿನ ಗೋಡೆ ಮೇಲಿನ ಮೂಲೆಯಿಂದ ಒದ್ದೆ. ಮೇಲಿನ ಮನೆಯವರು ನಮ್ಮದಲ್ಲ ಅಂತಾರೆ. ನಮ್ಮಲ್ಲಿ ಟ್ಯಾಂಕ್ ಎಲ್ಲರಿಗೂ ಒಂದೇ, ಆ ಪರೀಕ್ಷೆ ಆಗುವುದಿಲ್ಲ. ಏನು ಮಾಡಲಿ?

ಸಿವಿಲ್_ಧಾರವಾಡ · ಜನವರಿ 12, ಬೆಳಿಗ್ಗೆ 10:40

ಜಗಳದಿಂದ ಶುರು ಮಾಡಬೇಡಿ. ಅವರ ಮನೆಗೆ ಹೋಗಿ, ಎರಡೂ ಮನೆಯವರು ಸೇರಿ ಪರೀಕ್ಷೆ ಮಾಡೋಣ ಅನ್ನಿ. ಅವರ ಕಣ್ಣೆದುರೇ ಆದರೆ ಮಾತು ಬೆಳೆಯುವುದಿಲ್ಲ.

ಮೊದಲು ಮೇಲಿನ ಬಾತ್‌ರೂಮನ್ನು ಎರಡು ದಿನ ಪೂರ್ತಿ ಒಣ ಬಿಡಬೇಕು. ಆಮೇಲೆ ಕೆಳಗೆ ಒದ್ದೆಯ ಅಂಚಿಗೆ ಗೆರೆ. ನಂತರ ನೆಲದ ನೀರು ಹೊರಗೆ ಹೋಗುವ ನಹಾನಿ ಟ್ರ್ಯಾಪ್‌ನ ಬಾಯಿಯನ್ನು ಬಟ್ಟೆ ಸುತ್ತಿದ ಬಿರಡೆಯಿಂದ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದೂವರೆ ಇಂಚು ನೀರು ನಿಲ್ಲಿಸಿ. ಅಡಿಗೆಗೆ ಬಳಸುವ ಕೆಂಪು ಬಣ್ಣ ಸ್ವಲ್ಪ ಕದಡಿ. 24 ಗಂಟೆ ಬಿಡಿ. ಕೆಳಗೆ ಒದ್ದೆ ಬೆಳೆದರೆ ನೆಲದ ವಾಟರ್‌ಪ್ರೂಫಿಂಗ್ ಅಥವಾ ಟೈಲ್ಸ್ ಸಂದಿನ ತೊಂದರೆ. ಬೆಳೆಯದಿದ್ದರೆ ಬಿರಡೆ ತೆಗೆದು ನೀರು ಬಿಡಿ. ಆಗ ಬಂದರೆ ಟ್ರ್ಯಾಪ್ ಅಥವಾ ಅದರ ಕೆಳಗಿನ ಪೈಪಿನ ಕೊರಳು. ಎರಡಕ್ಕೂ ಬರದೆ, ಎರಡು ದಿನ ಒಣ ಬಿಟ್ಟಾಗಲೂ ಬೆಳೆಯುತ್ತಿದ್ದರೆ ಅದು ನಲ್ಲಿ ಲೈನು, ನಿಮ್ಮದೂ ಆಗಿರಬಹುದು. ಇಟ್ಟಿಗೆ ಬಣ್ಣವನ್ನು ಹೀರಿಕೊಳ್ಳುತ್ತದೆ. ಕೆಂಪು ಕಾಣಲಿಲ್ಲ ಅಂತ ಸೋರಿಕೆ ಇಲ್ಲ ಅನ್ನಬೇಡಿ, ಗೆರೆಯನ್ನೇ ನಂಬಿ.

ಬೆಂಗಳೂರು_ಫ್ಲ್ಯಾಟ್ · ಜನವರಿ 12, ಬೆಳಿಗ್ಗೆ 10:58

ಇದು ಯಾರೂ ಹೇಳಿರಲಿಲ್ಲ. ಈ ಭಾನುವಾರ ಮಾತಾಡುತ್ತೇನೆ.

ನ್ಯೂಜೆರ್ಸಿ_ಕನ್ನಡತಿ · ಜನವರಿ 13, ಬೆಳಿಗ್ಗೆ 6:10

ಇಲ್ಲಿ ಅಮೆರಿಕದಲ್ಲಿ ಒತ್ತಡದ ನೀರು ನೇರ ರಸ್ತೆಯ ಲೈನಿನಿಂದ ಬರುತ್ತದೆ, ಮೀಟರ್ ಎಲ್ಲವನ್ನೂ ಅಳೆಯುತ್ತದೆ. ಹಲವು ಮೀಟರ್‌ಗಳಲ್ಲಿ ಸಣ್ಣ ತ್ರಿಕೋನದ ಚಕ್ರ ಇರುತ್ತದೆ. ಎಲ್ಲ ನಲ್ಲಿ ಮುಚ್ಚಿದಾಗಲೂ ಅದು ತಿರುಗುತ್ತಿದ್ದರೆ ಸೋರಿಕೆ. ಗೋಡೆಯೂ ಜಿಪ್ಸಮ್ ಹಲಗೆ, ಚಾಕುವಿನಲ್ಲಿ ಕತ್ತರಿಸಿ ನೋಡಬಹುದು. ಇಟ್ಟಿಗೆ ಗೋಡೆಯ ಕಷ್ಟ ನನ್ನ ತವರುಮನೆ ಚಿತ್ರದುರ್ಗದಲ್ಲಿ ನೋಡಿದ್ದೇನೆ. ಈ ಕೋಲಿನ ಪರೀಕ್ಷೆಯನ್ನು ಅಣ್ಣನಿಗೆ ಕಳಿಸುತ್ತಿದ್ದೇನೆ.

ಮೈಸೂರು_ಮನೆ · ಜನವರಿ 19, ರಾತ್ರಿ 9:15

ಸಂಕ್ರಾಂತಿಗೆ ಮನೆ ತುಂಬ ನೆಂಟರಿದ್ದರು, ಪರೀಕ್ಷೆ ಮಾಡಲು ಆಗಲಿಲ್ಲ. ಈಗ ಮೂರು ರಾತ್ರಿಯ ಲೆಕ್ಕ ಕೊಡುತ್ತೇನೆ.

ಮೊದಲ ರಾತ್ರಿ, ಎಲ್ಲ ವಾಲ್ವ್ ತೆರೆದು, ನಲ್ಲಿ ಮುಚ್ಚಿ: 8 ಗಂಟೆಯಲ್ಲಿ 1.5 ಸೆಂಟಿಮೀಟರ್. ಸುಮಾರು 14 ಲೀಟರ್. ಇಷ್ಟು ನೀರು ಗೋಡೆಗೆ ಹೋಗುತ್ತಿದೆಯಾ ಅಂತ ನನಗೆ ಎದೆ ಧಸಕ್ ಅಂತು. ಆಗ ನನ್ನ ಮಗಳು ಕಮೋಡಿನ ಫ್ಲಶ್ ಟ್ಯಾಂಕಿಗೆ ಅರಿಶಿನ ಕದಡಿ ಹಾಕಿದಳು. ಹತ್ತು ನಿಮಿಷದಲ್ಲಿ, ಯಾರೂ ಫ್ಲಶ್ ಮಾಡದೆ, ಕಮೋಡಿನ ನೀರು ಹಳದಿ ಆಯಿತು. ಅಂದರೆ ಅಲ್ಲಿಯೂ ಸೋರಿಕೆ.

ಎರಡನೇ ರಾತ್ರಿ, ಎರಡೂ ಫ್ಲಶ್‌ಗಳ ಆಂಗಲ್ ಕಾಕ್ (ನೀರು ಬರುವ ಸಣ್ಣ ವಾಲ್ವ್) ಮುಚ್ಚಿ: 6 ಮಿಲಿಮೀಟರ್. ಐದೂವರೆ ಲೀಟರ್ ಚಿಲ್ಲರೆ.

ಮೂರನೇ ರಾತ್ರಿ, ಗೀಸರ್‌ಗೆ ಹೋಗುವ ವಾಲ್ವನ್ನೂ ಮುಚ್ಚಿ: ಕೋಲಿನ ಗುರುತು ಕದಲಲಿಲ್ಲ.

ನಲ್ಲಿ_ಮೇಸ್ತ್ರಿ · ಜನವರಿ 19, ರಾತ್ರಿ 9:50

ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ಫ್ಲಶ್ ಸೋರಿಕೆ ಲೆಕ್ಕದಲ್ಲಿ ಸೇರಿಕೊಂಡರೆ ಎಲ್ಲ ತಪ್ಪುತ್ತದೆ. ಹೆಚ್ಚಿನವರು ಅಲ್ಲೇ ಎಡವುತ್ತಾರೆ.

ನಿಮ್ಮದು ಬಿಸಿನೀರಿನ ಲೈನು. ಗೀಸರ್ ಆಫ್ ಇದ್ದರೂ ಆ ಪೈಪಿನಲ್ಲಿ ನೀರು ನಿಂತಿರುತ್ತದೆ, ಟ್ಯಾಂಕಿನ ಒತ್ತಡ ಅದರ ಮೇಲೆ ಇರುತ್ತದೆ. ಎರಡು ಮಹಡಿಯ ಮನೆಯಲ್ಲಿ ಟ್ಯಾಂಕ್ ನೀರು ಕೆಳಗಿನ ಗೋಡೆಗಿಂತ ಆರೇಳು ಮೀಟರ್ ಎತ್ತರ. ಹತ್ತು ಮೀಟರಿಗೆ ಒಂದು ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡದ ಲೆಕ್ಕ. ಅದಕ್ಕೇ ರಾತ್ರಿಯೂ ಸೋರುತ್ತದೆ.

ಬೆಳಿಗ್ಗೆ 8ರ ಮೇಲೆ ಜಾಸ್ತಿ ಅಂದಿರಲ್ಲ, ಅದಕ್ಕೂ ಉತ್ತರ ಸಿಕ್ಕಿತು. ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್ ಪೈಪು, ಸಿಪಿವಿಸಿ, ಬಿಸಿಯಾದರೆ ಹಿಗ್ಗುತ್ತದೆ. ಮೂರು ಮೀಟರ್ ಪೈಪು, ನೀರು 40 ಡಿಗ್ರಿ ಜಾಸ್ತಿ ಬಿಸಿ, ಹಿಗ್ಗುವುದು ಹತ್ತಿರ ಹತ್ತಿರ 8 ಮಿಲಿಮೀಟರ್. ಬಿರುಕು ಎಲ್ಲಿದೆಯೋ ಅದು ಆಗ ಬಾಯಿ ಬಿಡುತ್ತದೆ. ಸ್ನಾನದ ಹೊತ್ತಿನಲ್ಲಿ ಸೋರಿದ ನೀರು ಒಂದೆರಡು ಗಂಟೆ ಬಿಟ್ಟು ಕೆಳಗೆ ಕಾಣಿಸುತ್ತದೆ.

ಎರಡು ಪ್ರಶ್ನೆ. ಮೇಲಿನ ಗೀಸರಿನಿಂದ ಬಿಸಿನೀರು ಅಡುಗೆ ಮನೆಗೂ ಇಳಿದಿದೆಯಾ? ಆ ಗೋಡೆಗೆ ಮನೆ ಕಟ್ಟಿದ ಮೇಲೆ ಯಾರಾದರೂ ಡ್ರಿಲ್ ಮಾಡಿದ್ದಾರಾ? ಕನ್ನಡಿ, ಶೆಲ್ಫು, ಫೋಟೋ, ಏನಾದರೂ?

ಕೋಲಾರ_ಬೋರ್ · ಜನವರಿ 19, ರಾತ್ರಿ 10:12

ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಇಟ್ಟು ಹನಿಯ ನೀರು ಅಳೆದರೆ ಬೋರ್ ನೀರೋ ನದಿ ನೀರೋ ಅಂತ ತಿಳಿಯುತ್ತದಲ್ವಾ?

ಸಿವಿಲ್_ಧಾರವಾಡ · ಜನವರಿ 19, ರಾತ್ರಿ 10:30

ಗೋಡೆಯೊಳಗೆ ಹರಿದ ನೀರು ಸಿಮೆಂಟಿನ ಉಪ್ಪನ್ನೆಲ್ಲ ಕರಗಿಸಿಕೊಂಡು ಬರುತ್ತದೆ. ಯಾವ ನೀರಾದರೂ ಜಾಸ್ತಿಯೇ ತೋರಿಸುತ್ತದೆ. ನಂಬಬೇಡಿ.

ಮೈಸೂರು_ಮನೆ · ಜನವರಿ 20, ಬೆಳಿಗ್ಗೆ 8:00

ಮೇಸ್ತ್ರಿಯವರೇ, ಬಿಸಿನೀರು ಅಡುಗೆ ಮನೆಯ ಸಿಂಕಿಗೂ ಇಳಿದಿದೆ. ಯಾವ ಗೋಡೆಯಲ್ಲಿ ಅಂತ ನನಗೆ ಗೊತ್ತಿಲ್ಲ.

ಡ್ರಿಲ್ ಬಗ್ಗೆ ಕೇಳಿದಿರಿ. ರಾತ್ರಿ ಓದಿದ ಮೇಲೆ ನಿದ್ದೆ ಬರಲಿಲ್ಲ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ವೈಕುಂಠ ಸಮಾರಾಧನೆ ಆದ ಮೇಲೆ ಅವರ ದೊಡ್ಡ ಫೋಟೋವನ್ನು ಊಟದ ಜಾಗದಲ್ಲಿ ಹಾಕಿದೆವು, ಅಪ್ಪ ಕೂರುತ್ತಿದ್ದ ಕುರ್ಚಿಯ ಹಿಂದೆ. ಚೌಕಟ್ಟು ತೇಗದ್ದು, ಭಾರ. ಬಡಗಿ ಎರಡೂವರೆ ಇಂಚಿನ ಸ್ಕ್ರೂ ಹಾಕಿದ್ದರು. ಅದೇ ಗೋಡೆ. ಸ್ವಿಚ್ ಬೋರ್ಡಿಗಿಂತ ಎರಡೂವರೆ ಅಡಿ ಮೇಲೆ.

ಆದರೆ ಎರಡು ವರ್ಷ ಏನೂ ಆಗದೆ ಈಗ ಸೋರುತ್ತದಾ?

ನಲ್ಲಿ_ಮೇಸ್ತ್ರಿ · ಜನವರಿ 20, ಬೆಳಿಗ್ಗೆ 8:35

ಸೋರುತ್ತದೆ. ನಾನೇ ಐದಾರು ಮನೆಯಲ್ಲಿ ನೋಡಿದ್ದೇನೆ. ಸ್ಕ್ರೂ ಪೈಪಿಗೆ ಹೊಕ್ಕರೂ ತೂತಿಗೆ ತಾನೇ ಬಿರಡೆ ಆಗಿ ಕೂರುತ್ತದೆ. ತಿಂಗಳುಗಟ್ಟಲೆ ಏನೂ ಕಾಣಿಸುವುದಿಲ್ಲ. ಆಮೇಲೆ ಕಬ್ಬಿಣ ತುಕ್ಕು ತಿನ್ನುತ್ತದೆ, ಪೈಪು ದಿನಾ ಹಿಗ್ಗಿ ಕುಗ್ಗಿ ತೂತನ್ನು ಸವೆಸುತ್ತದೆ. ಹನಿ ಶುರು.

ದಯವಿಟ್ಟು ಆ ಸ್ಕ್ರೂ ಈಗ ಬಿಚ್ಚಬೇಡಿ. ಬಿಚ್ಚಿದರೆ ಬಿಸಿನೀರು ಮುಖಕ್ಕೆ ಚಿಮ್ಮುತ್ತದೆ, ಪಕ್ಕದಲ್ಲೇ ಕರೆಂಟ್ ಪೈಪಿದೆ. ಗೀಸರ್ ಆಫ್, ವಾಲ್ವ್ ಬಂದ್, ಸಿಂಕಿನ ಬಿಸಿ ನಲ್ಲಿ ತೆರೆದು ಲೈನ್ ಖಾಲಿ, ಆಮೇಲೆ ಮಾತ್ರ.

ಹಾಗಂತ ಇದೇ ಅಂತಲೂ ತೀರ್ಮಾನ ಮಾಡಬೇಡಿ. ಪೈಪು ಆ ಗೋಡೆಯಲ್ಲಿ ಓಡಿದೆ ಅಂತಲೇ ನಮಗಿನ್ನೂ ಗೊತ್ತಿಲ್ಲ. ಇನ್ನೊಂದು ಪರೀಕ್ಷೆ ಬಾಕಿ ಇದೆ.

ಸಿವಿಲ್_ಧಾರವಾಡ · ಜನವರಿ 20, ಬೆಳಿಗ್ಗೆ 9:10

ಥರ್ಮಲ್ ಕ್ಯಾಮೆರಾ ಬಾಡಿಗೆಗೆ ತರಿಸಿ. ಬಿಸಿನೀರಿನ ಲೈನ್ ಆದ್ದರಿಂದ ನಿಮಗೆ ಅನುಕೂಲ. ಈ ಕ್ಯಾಮೆರಾ ಗೋಡೆಯೊಳಗೆ ನೋಡುವುದಿಲ್ಲ, ಹಾಗೆ ಹೇಳಿ ದುಡ್ಡು ಕೇಳುವವರನ್ನು ನಂಬಬೇಡಿ. ಗೋಡೆಯ ಮೇಲ್ಮೈಯ ಬಿಸಿ ತಂಪು ಮಾತ್ರ ತೋರಿಸುತ್ತದೆ. ತಣ್ಣೀರಿನ ಸೋರಿಕೆಯಾದರೆ ಒದ್ದೆ ಜಾಗ ಆರುತ್ತಾ ತಂಪಾಗುವುದಷ್ಟೇ ಕಾಣುತ್ತದೆ, ಮೂಲ ಗೊತ್ತಾಗುವುದು ಕಷ್ಟ. ಆಗ ಸದ್ದು ಕೇಳುವ ಯಂತ್ರ, ಅಥವಾ ಲೈನ್ ಖಾಲಿ ಮಾಡಿ 5 ಭಾಗ ಹೈಡ್ರೋಜನ್, 95 ಭಾಗ ನೈಟ್ರೋಜನ್ ಬೆರೆಸಿದ ಗಾಳಿ ತುಂಬಿ ಮೂಸಿ ಹುಡುಕುವ ಯಂತ್ರ ಬೇಕಾಗುತ್ತದೆ. ಆ ಬೆರಕೆಗೆ ಬೆಂಕಿ ಹತ್ತುವುದಿಲ್ಲ, ಹೆದರಬೇಕಿಲ್ಲ.

ನಿಮಗೆ ಅದೆಲ್ಲ ಬೇಡ. ರಾತ್ರಿಯೆಲ್ಲ ಗೀಸರ್ ಆಫ್ ಇಡಿ, ಗೋಡೆ ತಣ್ಣಗಾಗಲಿ. ಬೆಳಿಗ್ಗೆ ನೀರು ಚೆನ್ನಾಗಿ ಕಾಯಿಸಿ, ಸಿಂಕಿನ ಬಿಸಿ ನಲ್ಲಿಯನ್ನು ಮೂರು ನಿಮಿಷ ಬಿಟ್ಟು ಮುಚ್ಚಿ. ಹತ್ತು ನಿಮಿಷ ಗೋಡೆ ನೋಡಿ. ಪೈಪು ಗೆರೆಯಾಗಿ ಕಾಣುತ್ತದೆ. ಸೋರುವ ಕಡೆ ಗೆರೆ ಹರಡುತ್ತದೆ.

ಮೈಸೂರು_ಮನೆ · ಜನವರಿ 24, ಮಧ್ಯಾಹ್ನ 2:20

ಸಿಕ್ಕಿತು.

ಬೆಳಿಗ್ಗೆ 6ಕ್ಕೆ ಕ್ಯಾಮೆರಾದವರು ಬಂದರು. ಅಮ್ಮ, ಹೆಂಡತಿ, ಮಗಳು ಎಲ್ಲರೂ ನಿಂತು ನೋಡಿದೆವು. ನಾಲ್ಕೈದು ನಿಮಿಷಕ್ಕೆ ಸೀಲಿಂಗಿನಿಂದ ಒಂದು ಬಿಸಿ ಗೆರೆ ನೇರ ಇಳಿಯಿತು. ಫೋಟೋ ಚೌಕಟ್ಟಿನ ಹಿಂದೆ ಹೋಗಿ ಕೆಳಗೆ ಬಂತು. ಫೋಟೋವನ್ನು ಮೆಲ್ಲಗೆ ಕೊಕ್ಕೆಯಿಂದ ತೆಗೆದೆ, ಸ್ಕ್ರೂ ಮುಟ್ಟಲಿಲ್ಲ. ಸ್ಕ್ರೂವಿನ ಸುತ್ತ ಗೆರೆ ತಟ್ಟೆಯಷ್ಟು ಅಗಲಕ್ಕೆ ಹರಡಿತ್ತು. ಅಲ್ಲಿಂದ ಪಕ್ಕಕ್ಕೆ ಇನ್ನೊಂದು ಸಣ್ಣ ಬಿಸಿ ಎಳೆ ಸ್ವಿಚ್ ಬೋರ್ಡಿನ ತನಕ. ಅದು ಕರೆಂಟ್ ಪೈಪು.

ಅಮ್ಮ ಏನೂ ಮಾತಾಡಲಿಲ್ಲ. ಫೋಟೋ ಒರೆಸಿ ದೇವರ ಮನೆಯಲ್ಲಿ ಇಟ್ಟರು.

ಇನ್ನು ಒಡೆಯುವುದು ಹೇಗೆ, ಎಷ್ಟು, ಹೇಳಿ. ಇಷ್ಟು ದಿನ ಕಾದು ಈಗ ರಿಪೇರಿಯಲ್ಲಿ ತಪ್ಪಬಾರದು.

ನಲ್ಲಿ_ಮೇಸ್ತ್ರಿ · ಜನವರಿ 24, ಮಧ್ಯಾಹ್ನ 3:05

ಒಡೆಯುವ ಮುಂಚೆ ಪ್ರೆಶರ್ ಪಂಪ್ ಹಾಕಿಸಿ. ಕೈಯಲ್ಲಿ ಒತ್ತುವ ಪಂಪ್, ಒತ್ತಡ ತೋರಿಸುವ ಮುಳ್ಳಿನ ಮೀಟರ್ ಇರುತ್ತದೆ. ಬಿಸಿ ಲೈನಿನ ಎಲ್ಲ ಬಾಯಿ ಮುಚ್ಚಿ 5 ಕೆಜಿ ತನಕ ಒತ್ತಿ. ಮುಳ್ಳು ಇಳಿಯುವುದನ್ನು ಪ್ಲಂಬರ್ ತಮ್ಮ ಕಣ್ಣಿಂದ ನೋಡಲಿ. ರಿಪೇರಿ ಆದ ಮೇಲೆ ಅದೇ ಮುಳ್ಳು ನಿಂತರೆ ಕೆಲಸ ಸರಿಯಾಗಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಅಗಲ ಐದಾರು ಇಂಚು ಸಾಕು. ಉದ್ದ ಮಾತ್ರ ಎರಡಡಿ ಬಿಡಿಸಿ. ಗೋಡೆಯೊಳಗೆ ಬಿಗಿಯಾಗಿ ಕೂತ ಪೈಪು ಸ್ವಲ್ಪವೂ ಬಾಗುವುದಿಲ್ಲ, ಪೈಪು ಜೋಡಿಸುವ ಎರಡನೇ ಕಪ್ಲರ್ ಏರಿಸಲು ಆಗುವುದಿಲ್ಲ. ಜಾಗ ಸಾಲದೆ ಅಂಟನ್ನೇ ಮೇಲೆ ಮೆತ್ತಿ ಹೋಗುವವರಿದ್ದಾರೆ, ಅದು ಒಂದು ಬೇಸಿಗೆಯೂ ನಿಲ್ಲುವುದಿಲ್ಲ. ತೂತಿನ ಎರಡೂ ಕಡೆ ಎರಡೆರಡು ಇಂಚು ಕತ್ತರಿಸಿ ಹೊಸ ತುಂಡು ಹಾಕಿಸಿ. ಸಿಪಿವಿಸಿಗೆ ಹಾಕುವ ಅಂಟು (ಸಾಲ್ವೆಂಟ್ ಸಿಮೆಂಟ್) ಬೇರೆ, ತಣ್ಣೀರಿನ ಯುಪಿವಿಸಿ ಪೈಪಿನದು ಬೇರೆ. ಡಬ್ಬಿ ನೀವೇ ನೋಡಿ. ಪೈಪಿನೊಳಗೆ ಒಂದು ಹನಿ ನೀರು ಇದ್ದರೂ ಅಂಟು ಹಿಡಿಯುವುದಿಲ್ಲ, ಪೂರ್ತಿ ಒರೆಸಿ ಒಣಗಿಸಬೇಕು. 24 ಗಂಟೆ ನೀರು ಬಿಡಬೇಡಿ. ಆಮೇಲೆ ಮತ್ತೆ 5 ಕೆಜಿ, ಎರಡು ಗಂಟೆ. ಅದಾದ ಮೇಲೆಯೇ ಗಾರೆ.

ವೈರ್‌ಮನ್_ಗದಗ · ಜನವರಿ 24, ಸಂಜೆ 5:40

ಒಡೆಯುವಾಗ ಇಡೀ ಮನೆಯ ಮೇನ್ ಆಫ್ ಇರಲಿ, ಕರೆಂಟ್ ಪೈಪು ಎರಡೇ ಇಂಚು ದೂರ ಇದೆ. ಆ ಪೈಪಿನ ವೈರ್ ಎಳೆದು ಹೊಸದು ಹಾಕಿಸಿ. ಒದ್ದೆಯಲ್ಲಿ ತಿಂಗಳುಗಟ್ಟಲೆ ಇದ್ದ ವೈರನ್ನು ಒಣಗಿತು ಅಂತ ಬಿಡಬೇಡಿ.

ಮೈಸೂರು_ಮನೆ · ಜನವರಿ 29, ರಾತ್ರಿ 8:10

ಕೆಲಸ ಆಯಿತು. ಆರು ಇಂಚು ಅಗಲ, ಎರಡಡಿ ಉದ್ದ, ಅಷ್ಟೇ ಒಡೆದದ್ದು. ಒಂದು ಟೈಲ್ ಕೂಡ ಒಡೆಯಲಿಲ್ಲ. ಮುಕ್ಕಾಲು ಇಂಚಿನ ಪೈಪು. ಸ್ಕ್ರೂ ಅದರ ಒಂದು ಬದಿಯಲ್ಲಿ ಹೊಕ್ಕಿತ್ತು, ತುದಿ ಕರಗಿ ಸೂಜಿಯ ಹಾಗೆ ಆಗಿತ್ತು. ರಿಪೇರಿ ಆದ ಮೇಲೆ ಮುಳ್ಳು ಎರಡು ಗಂಟೆ ಕದಲಲಿಲ್ಲ. ವೈರ್ ಬದಲಾಯಿಸಿದೆವು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿಯೂ ನೋಡಿದೆ, ಬಿತ್ತು. ಫ್ಲಶ್ ಟ್ಯಾಂಕಿನ ರಬ್ಬರ್ ವಾಷರ್ ಕೂಡ ಹಾಕಿಸಿದೆ. ನಿನ್ನೆ ರಾತ್ರಿ ಎಲ್ಲ ವಾಲ್ವ್ ತೆರೆದು ಕೋಲು ಇಳಿಸಿದೆ, ಗುರುತು ಅಲ್ಲೇ ಇದೆ.

ಪೇಂಟ್ ಯಾವಾಗ ಮಾಡಿಸಬಹುದು? ಯುಗಾದಿಗೆ ಮುಂಚೆ ಆಗುತ್ತದಾ?

ಸಿವಿಲ್_ಧಾರವಾಡ · ಜನವರಿ 29, ರಾತ್ರಿ 9:00

ಒಳಗಿನ ಇಟ್ಟಿಗೆ ನಿಧಾನ ಒಣಗುತ್ತದೆ. ಒಂದಿಂಚು ದಪ್ಪಕ್ಕೆ ಒಂದು ತಿಂಗಳು ಅಂತ ಹಳಬರು ಲೆಕ್ಕ ಇಡುತ್ತಾರೆ. ನಿಮ್ಮದು ನಾಲ್ಕೂವರೆ ಇಂಚು, ಎರಡೂ ಕಡೆ ಗಾಳಿಯಾಡುತ್ತದೆ, ಫೆಬ್ರವರಿ ಮಾರ್ಚ್ ಮೈಸೂರಿನ ಹವೆ ಒಣ. ಹಳೇ ಕೋಟಿಂಗನ್ನು ಎರಡೂ ಕಡೆ ಪೂರ್ತಿ ಕೆರೆಸಿ, ಫ್ಯಾನ್ ಹಾಕಿ ಬಿಡಿ. ಬಿಳಿ ಉಪ್ಪು ಮೇಲೆ ಬರುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ, ನೀರಿನಲ್ಲಿ ತೊಳೆಯಬೇಡಿ, ತೊಳೆದರೆ ಉಪ್ಪು ವಾಪಸ್ ಒಳಗೆ ಹೋಗುತ್ತದೆ. ಉಪ್ಪು ಬರುವುದು ನಿಂತ ಮೇಲೆ ಹಾಳೆಯ ಪರೀಕ್ಷೆ ಮತ್ತೆ ಮಾಡಿ. ಹಾಳೆಯ ಹಿಂದೆ ಒಣ ಇದ್ದರೆ ಪೇಂಟರನ್ನು ಕರೆಯಿರಿ. ಯುಗಾದಿ ಹೊತ್ತಿಗೆ ಅಂತ ಖಚಿತ ಹೇಳಲಾರೆ, ಅವಸರ ಮಾಡಬೇಡಿ.

ಬೆಂಗಳೂರು_ಫ್ಲ್ಯಾಟ್ · ಫೆಬ್ರವರಿ 3, ಬೆಳಿಗ್ಗೆ 10:15

ನಮ್ಮದೂ ಗೊತ್ತಾಯಿತು. ನೀರು ನಿಲ್ಲಿಸಿದಾಗ ಏನೂ ಬರಲಿಲ್ಲ. ಬಿರಡೆ ತೆಗೆದ ಎರಡು ಗಂಟೆಗೆ ಗೆರೆ ದಾಟಿತು. ಟ್ರ್ಯಾಪಿನ ಕೊರಳು. ಮೇಲಿನವರು ನಮ್ಮ ಮನೆಗೆ ಬಂದು ತಾವೇ ನೋಡಿದರು, ಈ ವಾರ ಸರಿ ಮಾಡಿಸುತ್ತಿದ್ದಾರೆ. ಸಿವಿಲ್_ಧಾರವಾಡ ಅವರಿಗೆ ನಮಸ್ಕಾರ.

ಹೊಸಮನೆ_ಹಾಸನ · ಫೆಬ್ರವರಿ 3, ಸಂಜೆ 4:30

ನಮ್ಮ ಹೊಸ ಮನೆಗೆ ಮುಂದಿನ ವಾರ ಪ್ಲಾಸ್ಟರಿಂಗ್. ಇದನ್ನೆಲ್ಲ ಓದಿ ನಾನು ಇಂಜೆಕ್ಷನ್ ಅಂದದ್ದು ಅವಸರದ ಮಾತು ಅಂತ ಅನ್ನಿಸಿತು. ಈಗಲೇ ಏನು ಮಾಡಿಟ್ಟುಕೊಳ್ಳಲಿ?

ನಲ್ಲಿ_ಮೇಸ್ತ್ರಿ · ಫೆಬ್ರವರಿ 3, ರಾತ್ರಿ 7:20

ಗಾರೆ ಬಳಿಯುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಪಕ್ಕದಲ್ಲಿ ಅಳತೆ ಟೇಪ್ ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣುವ ಹಾಗೆ. ಫೋನಿನಲ್ಲಿ ಮಾತ್ರ ಇಟ್ಟರೆ ಫೋನ್ ಜೊತೆ ಹೋಗುತ್ತದೆ. ಪ್ರಿಂಟ್ ಹಾಕಿಸಿ ಮನೆ ಪತ್ರದ ಕಡತದಲ್ಲಿ ಇಡಿ. ಗೀಸರಿನ ಹತ್ತಿರ, ಕೆಳಕ್ಕೆ ಇಳಿಯುವ ಪ್ರತಿ ಲೈನಿಗೆ ಬೇರೆ ಬೇರೆ ವಾಲ್ವ್ ಹಾಕಿಸಿ. ಪ್ಲಾಸ್ಟರ್‌ಗೆ ಮುಂಚೆ ಇಡೀ ಲೈನಿಗೆ ಪ್ರೆಶರ್ ಪಂಪ್ ಹಾಕಿ ಒಂದು ರಾತ್ರಿ ಬಿಡಿ. ಮುಳ್ಳು ಇಳಿದಿದ್ದರೆ ಗಾರೆ ಬೇಡ.

ಮೈಸೂರು_ಮನೆ · ಏಪ್ರಿಲ್ 12, ಬೆಳಿಗ್ಗೆ 11:30

ನಿನ್ನೆ ಹಾಳೆ ತೆಗೆದು ನೋಡಿದೆವು. ಹಿಂದೆ ಪೂರ್ತಿ ಒಣ. ಸೋಮವಾರ ಪೇಂಟರ್ ಬರುತ್ತಾರೆ.

ಜನವರಿ 7ರಿಂದ ಎಳೆದ ಪೆನ್ಸಿಲ್ ಗೆರೆಗಳು ಗೋಡೆ ಮೇಲೆ ಇನ್ನೂ ಹಾಗೇ ಇವೆ, ಒಂದರ ಹೊರಗೆ ಒಂದು, ಪಕ್ಕದಲ್ಲಿ ದಿನಾಂಕ. ಕೊನೆಯ ಗೆರೆ ಜನವರಿ 28ರದು. ಬಣ್ಣ ಹೊಡೆಯುವ ಮುಂಚೆ ಮಗಳು ಅದರ ಫೋಟೋ ತೆಗೆದಿಟ್ಟುಕೊಂಡಿದ್ದಾಳೆ.

ಅಪ್ಪನ ಫೋಟೋ ಈಗ ಹಾಲಿನಲ್ಲಿದೆ, ಬಾಗಿಲಿನ ಎದುರು. ಡ್ರಿಲ್ ಮಾಡುವ ಮುಂಚೆ ಆ ಗೋಡೆಯನ್ನೂ ಕ್ಯಾಮೆರಾದಲ್ಲಿ ನೋಡಿಸಿದ್ದೆ, ಅದರಲ್ಲಿ ಬಿಸಿನೀರಿನ ಗೆರೆ ಇರಲಿಲ್ಲ. ತಣ್ಣೀರಿನ ಪೈಪಾಗಲಿ ಕರೆಂಟಿನ ಪೈಪಾಗಲಿ ಇಲ್ಲ ಅಂತ ಪ್ಲಂಬರ್, ಎಲೆಕ್ಟ್ರಿಷಿಯನ್ ಇಬ್ಬರನ್ನೂ ಕೇಳಿಕೊಂಡೆ. ಆಮೇಲೆ ಒಂದೂಕಾಲು ಇಂಚಿನ ಸ್ಕ್ರೂ ಎರಡು ಹಾಕಿಸಿದೆ.